ನೈಟ್ ಡ್ಯೂಟಿ ಮುಗಿಸಿ ಬಂದು – 17: "ಮ್ಯಾಚಪ್ಪೇ ಕೆಟ್ಟದಿತ್ತು"

ಕಳೆದ ವಾರ ಬರೆಯೋಕೆ ಆಗಲಿಲ್ಲ, ಮೂರು ನೈಟ್ ಒಟ್ಟಿಗೆ ಬಿದ್ದಿತ್ತು. ಈ ಸಲ ಆಸ್ಪತ್ರೆ ವಿಷಯ ಕಡಿಮೆ, ಮನೆ ಜಗಳದ ವಿಷಯ ಜಾಸ್ತಿ. ಜಗಳ ಇಲ್ಲಿ ಲೆಸ್ಟರ್‌ನಲ್ಲಿರೋ ನನ್ನ ಹನ್ನೊಂದು ವರ್ಷದ ಮಗನಿಗೂ ತಿಪಟೂರಲ್ಲಿರೋ ನನ್ನ ತಮ್ಮನಿಗೂ. ಆಸ್ತಿ ಜಗಳ ಅಲ್ಲ, ಗಾಬರಿ ಬೇಡ. ಪೋಕೆಮಾನ್ ಕಾರ್ಡ್ ಜಗಳ.

ಮೊದಲು ಅಮ್ಮನಿಗೆ ಉತ್ತರ ಕೊಟ್ಟುಬಿಡ್ತೀನಿ, ಯಾಕಂದ್ರೆ ಇದನ್ನ ತಮ್ಮ ಅಮ್ಮನಿಗೆ ಓದಿ ಹೇಳ್ತಾನೆ. "ಕಾರ್ಡು" ಅಂತ ಕಿವಿಗೆ ಬಿದ್ದ ದಿನದಿಂದ ಅಮ್ಮನಿಗೆ ನಿದ್ದೆ ಇಲ್ಲ. ನಮ್ಮ ಮನೆತನದಲ್ಲಿ ಒಬ್ಬರು ಅಂದರ್ ಬಾಹರ್ ಆಡಿ ಕೆರೆ ಹಿಂದಿನ ತೆಂಗಿನ ತೋಟ ಕಳೆದರು. ಯಾರು ಅಂತ ಬೇಡ, ಊರವರಿಗೆ ಗೊತ್ತು. "ಅವರೂ ಮೊದಲು ಟೈಂಪಾಸ್‌ಗೆ ಅಂತಲೇ ಕೂತಿದ್ದು" ಅಂತಾರೆ ಅಮ್ಮ. ಆ ಮಾತನ್ನ ನಾನು ತಳ್ಳಿಹಾಕಲ್ಲ. ಈ ಆಟದಲ್ಲೂ ಜೂಜಿನ ವಾಸನೆ ಇರೋ ಒಂದು ಜಾಗ ಇದೆ. ಅದು ಪ್ಯಾಕೆಟ್ ಒಡೆಯೋದು. ನಾಲ್ಕು ಪೌಂಡ್ ಆಸುಪಾಸು ಕೊಟ್ಟರೆ ಹತ್ತು ಕಾರ್ಡಿನ ಪ್ಯಾಕೆಟ್, ಒಳಗೆ ಏನಿದೆ ಅಂತ ಒಡೆಯೋವರೆಗೆ ಗೊತ್ತಿಲ್ಲ. ಒಂದು ಒಡೆದ ಮಗು ಇನ್ನೊಂದು ಕೇಳುತ್ತೆ. ಅದಕ್ಕೇ ನಮ್ಮ ಮನೇಲಿ ರೂಲ್ಸು: ಪ್ಯಾಕೆಟ್ ಹುಟ್ಟುಹಬ್ಬಕ್ಕೆ ಮಾತ್ರ. ಆಟಕ್ಕೆ ಬೇಕಾದ್ದನ್ನ ಬಿಡಿ ಕಾರ್ಡ್ ಕೊಂಡ್ಕೋಬೇಕು, ಲೆಕ್ಕ ಬರೆದಿಡಬೇಕು. ಬೇಕಾಗೋ ಎಷ್ಟೋ ಕಾರ್ಡ್ ಒಂದು ಪೌಂಡಿಗಿಂತ ಕಮ್ಮಿಗೆ ಸಿಗುತ್ತೆ. ದುಡ್ಡು ಕಟ್ಟಿ ಆಡೋ ಪ್ರಶ್ನೆಯೇ ಇಲ್ಲ.

ಇನ್ನು ಆಟ. ಗೊತ್ತಿಲ್ಲದವರಿಗೆ ಎರಡೇ ಮಾತಲ್ಲಿ ಹೇಳ್ತೀನಿ. ಇಸ್ಪೀಟಿನ ಹಾಗೆ ಇಬ್ಬರಿಗೂ ಒಂದೇ ಕಟ್ಟು ಅಲ್ಲ. ಅವರವರ 60 ಕಾರ್ಡಿನ ಕಟ್ಟನ್ನ ಅವರವರೇ ಮನೇಲಿ ಜೋಡಿಸ್ಕೊಂಡು ಬರ್ತಾರೆ, ಅದಕ್ಕೆ ಡೆಕ್ ಅಂತಾರೆ. ಒಂದೇ ಹೆಸರಿನ ಕಾರ್ಡ್ ನಾಲ್ಕಕ್ಕಿಂತ ಜಾಸ್ತಿ ಇಡೋ ಹಾಗಿಲ್ಲ, ಮಾಮೂಲಿ ಎನರ್ಜಿ ಕಾರ್ಡ್ ಬಿಟ್ಟು. ಶುರುವಿನಲ್ಲಿ ಇಬ್ಬರೂ ತಮ್ಮ ಕಟ್ಟಿನಿಂದ 6 ಕಾರ್ಡ್ ಮಗುಚಿ ಪಕ್ಕಕ್ಕಿಡ್ತಾರೆ, ಅವು ಪ್ರೈಜ್ ಕಾರ್ಡ್. ಎದುರಾಳಿಯ ಒಂದು ಪೋಕೆಮಾನ್ ಬೀಳಿಸಿದ್ರೆ ನಿನ್ನದರಿಂದ ಒಂದು ಎತ್ಕೋಬಹುದು. ದೊಡ್ಡ "ಇಎಕ್ಸ್" ಬೀಳಿಸಿದ್ರೆ ಎರಡು. ಆರೂ ಎತ್ಕೊಂಡವನು ಗೆದ್ದ.

ಡೆಕ್ ಅವರವರೇ ಕಟ್ಟೋದ್ರಿಂದ ಆಟ ಶುರುವಾಗೋ ಮುಂಚೆಯೇ ಒಂದು ಚರ್ಚೆ ಹುಟ್ಟುತ್ತೆ. ಈ ಡೆಕ್‌ಗೆ ಆ ಡೆಕ್ ಎದುರು ಬಂದ್ರೆ ಯಾರಿಗೆ ಅನುಕೂಲ? ಅದಕ್ಕೆ ಮ್ಯಾಚಪ್ ಅಂತಾರೆ. ಭಾನುವಾರದ ವಿಡಿಯೋ ಕಾಲ್ ಪೂರ್ತಿ ಇದೇ. ಅಜ್ಜಿ ಮೊಮ್ಮಗನ್ನ "ಊಟ ಆಯ್ತಾ" ಅಂತ ಕೇಳೋಕೂ ಬಿಡಲ್ಲ.

ತಮ್ಮನ ಡೆಕ್ ಚಾರಿಝಾರ್ಡ್ ಇಎಕ್ಸ್. ಮಗನದ್ದು ಗಾರ್ಡೆವಾರ್ ಇಎಕ್ಸ್. ತಮ್ಮನ ವಾದ ಸರಳ: "ಲೇ, ನಿನ್ನ ಗಾರ್ಡೆವಾರ್‌ಗೆ ಡಾರ್ಕ್ ಜಾತಿ ಆಗಲ್ಲ, ನನ್ನ ಚಾರಿಝಾರ್ಡ್ ಡಾರ್ಕ್. ನನ್ನ ಏಟು 180, ವೀಕ್‌ನೆಸ್ ಇರೋದ್ರಿಂದ ಎರಡರಷ್ಟು, 360. ನಿನ್ನದರ ಪ್ರಾಣ 310. ಒಂದೇಟಿಗೆ ಎರಡು ಪ್ರೈಜ್. ಬೆಂಚಲ್ಲಿ ಬಚ್ಚಿಟ್ರೂ ಬಾಸಸ್ ಆರ್ಡರ್ಸ್ ಕಾರ್ಡ್ ಹಾಕಿ ಮುಂದಕ್ಕೆ ಎಳೀತೀನಿ. ಮೂರು ಏಟು, ಆಟ ಮುಗೀತು. ಸುಮ್ನೆ ಡೆಕ್ ಬದಲಾಯಿಸು."

ಮಗನ ವಾದ: "ಮಾವ, ಗಾರ್ಡೆವಾರ್ ಯುದ್ಧಕ್ಕೆ ಬಂದ್ರೆ ತಾನೇ? ಮುಂದೆ ನಿಲ್ಲೋದು ಡ್ರಿಫ್ಲೂನ್." ಡ್ರಿಫ್ಲೂನ್ ಅಂದ್ರೆ ಒಂದು ಬಲೂನು. ಪ್ರಾಣ ಬರೀ 70, ಬ್ರೇವರಿ ಚಾರ್ಮ್ ಅನ್ನೋ ತಾಯಿತ ಕಟ್ಟಿದ್ರೆ 120. ಗಾರ್ಡೆವಾರ್ ಹಿಂದೆ ಕೂತು, ಬಿಸಾಕಿದ ರಾಶಿಯಿಂದ ಎನರ್ಜಿ ಎತ್ತಿ ಬಲೂನಿಗೆ ಕೊಡುತ್ತೆ. ಒಂದೊಂದು ಸಲ ಕೊಟ್ಟಾಗಲೂ ಬಲೂನಿಗೆ 20 ಪೆಟ್ಟು. ಐದು ಸಲ ಕೊಟ್ರೆ 100 ಪೆಟ್ಟು, ಇನ್ನು 20 ಉಸಿರು ಉಳಿದಿರುತ್ತೆ. ಆದ್ರೆ ತಾನು ತಿಂದ ಪ್ರತಿ ಹತ್ತು ಪೆಟ್ಟಿಗೆ ಅದು 30 ತಿರುಗಿಸಿ ಹೊಡೆಯುತ್ತೆ. ಅಂದ್ರೆ 300. ಚಾರಿಝಾರ್ಡ್ ಪ್ರಾಣ 330. ಉಳಿದ 30ನ್ನ ಮಂಕಿಡೋರಿ ಅನ್ನೋ ಇನ್ನೊಂದು, ಪಕ್ಕದಲ್ಲಿ ಪೆಟ್ಟು ತಿಂದು ಕೂತಿರೋ ಯಾವುದಾದರೂ ಪೋಕೆಮಾನ್ ಮೈಯಿಂದ ಎತ್ತಿ ಚಾರಿಝಾರ್ಡ್ ಮೈಗೆ ಹಾಕುತ್ತೆ. ಅದಕ್ಕೊಂದು ಡಾರ್ಕ್ ಎನರ್ಜಿ ಅಂಟಿಸಿರಬೇಕು ಅಷ್ಟೆ. 330, ಸರಿಯಾಗಿ. ಚಾರಿಝಾರ್ಡ್ ಬಿತ್ತು, ಮಗನಿಗೆ ಎರಡು ಪ್ರೈಜ್. ತಮ್ಮ ಬಲೂನು ಒಡೆದ್ರೆ ಅವನಿಗೆ ಸಿಗೋದು ಒಂದೇ. "ಹಂಗಾದ್ರೆ ನಷ್ಟ ಯಾರಿಗೆ ಮಾವ?"

ಇಬ್ಬರ ಲೆಕ್ಕವೂ ಸರಿ. ಅದೇ ತಮಾಷೆ. ತಮ್ಮನ ಲೆಕ್ಕ ನಡೀಬೇಕಾದ್ರೆ ಬಾಸಸ್ ಆರ್ಡರ್ಸ್ ಸರಿಯಾದ ಹೊತ್ತಿಗೆ ಕೈಯಲ್ಲಿರಬೇಕು. ಅಂಥ ಸಪೋರ್ಟರ್ ಕಾರ್ಡ್ ಒಂದು ಸರದಿಗೆ ಒಂದೇ ಆಡಬಹುದು. ಎಳೆಯೋಕೆ ಅದನ್ನ ಆಡಿದ್ರೆ ಹೊಸ ಕಾರ್ಡ್ ತರೋ ಸಪೋರ್ಟರ್ ಆ ಸರದಿಗೆ ಇಲ್ಲ. ಮಗನ ಲೆಕ್ಕ ನಡೀಬೇಕಾದ್ರೆ ಗಾರ್ಡೆವಾರ್, ಬಲೂನು, ತಾಯಿತ, ರಾಶಿಯಲ್ಲಿ ಸಾಕಷ್ಟು ಎನರ್ಜಿ, ಮಂಕಿಡೋರಿ ಎಲ್ಲಾ ಒಟ್ಟಿಗೆ ಕೂಡಿಬರಬೇಕು. ಅದು ಮದುವೆ ಮನೇಲಿ ಅಡುಗೆಯವರು, ಓಲಗದವರು, ಪುರೋಹಿತರು ಮೂವರೂ ಟೈಮಿಗೆ ಬಂದಷ್ಟೇ ಅಪರೂಪ.

ಮಾತಲ್ಲಿ ಬಗೆಹರಿಯಲ್ಲ ಅಂತ ಆಡಿಯೇ ನೋಡೋಣ ಅಂದ್ರು. ತಮ್ಮನ ಹತ್ತಿರ ನಿಜವಾದ ಕಾರ್ಡ್ ಇಲ್ಲ. ಪ್ರಿಂಟ್ ತೆಗೆಸಿ, ಹಳೇ ಮದುವೆ ಪತ್ರಿಕೆಗಳ ರಟ್ಟು ಕತ್ತರಿಸಿ ಅಂಟಿಸಿದ. ಕ್ಯಾಮೆರಾ ಮೇಜಿನ ಕಡೆ ತಿರುಗಿಸಿ ಆರು ಭಾನುವಾರ ಆಡಿದ್ರು, ಒಟ್ಟು 20 ಆಟ. ನೋಟ್‌ಬುಕ್ಕಿನಲ್ಲಿ ಬರೆದಿಟ್ಟೋಳು ನಾನು. ಚಾರಿಝಾರ್ಡ್ 12, ಗಾರ್ಡೆವಾರ್ 8. ತಮ್ಮ ಕುಣಿದ: "ಅರವತ್ತು-ನಲವತ್ತು! ನಾನು ಹೇಳಲಿಲ್ವಾ?" ಮಗ ಪುಟ ತಿರುಗಿಸಿ ತೋರಿಸಿದ. ಮೊದಲ ಹತ್ತರಲ್ಲಿ ಅವನು ಗೆದ್ದಿದ್ದು 2, ಕೊನೇ ಹತ್ತರಲ್ಲಿ 6. ಡೆಕ್ ಎರಡೂ ಅವೇ, ಒಂದು ಕಾರ್ಡೂ ಬದಲಾಗಿಲ್ಲ. "ಹತ್ತು ಆಟ ಏನು ಲೆಕ್ಕ, ಅದೃಷ್ಟ" ಅಂದ ತಮ್ಮ. ಅದೂ ನಿಜವೇ. ಹತ್ತು ಆಟದಿಂದ ಏನೂ ಸಾಬೀತಾಗಲ್ಲ. ಆದ್ರೆ ಅದೇ ನ್ಯಾಯಕ್ಕೆ ಇಪ್ಪತ್ತು ಆಟದ ಅರವತ್ತು-ನಲವತ್ತೂ ಅಷ್ಟೊಂದು ಕುಣಿಯೋ ಲೆಕ್ಕ ಅಲ್ಲ.

ಇಲ್ಲಿಂದ ನನ್ನ ಅಭಿಪ್ರಾಯ. ಮ್ಯಾಚಪ್ ನಂಬರ್ ಹೇಳೋರು ಯಾರು ಆಡಿದ್ರು, ಎಷ್ಟು ಆಡಿದ್ರು, ಆಡಿದವರಿಗೆ ಆ ಡೆಕ್ ಎಷ್ಟು ಗೊತ್ತಿತ್ತು ಅಂತ ಹೇಳದಿದ್ರೆ ಅದು ನಂಬರ್ ಅಲ್ಲ, ಬರೀ ಮಾತು. ನಂಬರ್ ಸರಿಯಿದ್ರೂ ಅದರ ಕೆಲಸ ಏನು ಅಂತ ಗೊತ್ತಿರಬೇಕು. ನಮ್ಮ ವಾರ್ಡಲ್ಲಿ ನ್ಯೂಸ್-2 ಅಂತ ಒಂದು ಸ್ಕೋರ್ ಇದೆ. ಉಸಿರು, ಆಕ್ಸಿಜನ್, ಬಿಪಿ, ನಾಡಿ, ಎಚ್ಚರ, ಜ್ವರ ಹೀಗೆ ಆರು ನೋಡಿ ಕೂಡಿಸೋದು. 7 ದಾಟಲಿ, 7 ಮುಟ್ಟಲಿ, ತಕ್ಷಣ ಎಮರ್ಜೆನ್ಸಿ ಟೀಮ್ ಕರೀಬೇಕು. ಆ 7 ಹೇಳೋದು "ಓಡು, ಈಗಲೇ ನೋಡು" ಅಂತ. "ಈ ಅಜ್ಜಂದು ಮುಗೀತು" ಅಂತ ಅಲ್ಲ. ಹಾಗೆ ಓದೋ ನರ್ಸ್ ಜೊತೆ ಯಾರೂ ಕೆಲಸ ಮಾಡೋಕೆ ಇಷ್ಟಪಡಲ್ಲ. ನಲವತ್ತು ಅನ್ನೋ ನಂಬರೂ ಹಾಗೇ, ಎಚ್ಚರ ಜಾಸ್ತಿ ಇರಲಿ ಅನ್ನೋದಕ್ಕೆ.

ಇದನ್ನ ಬರೀಬೇಕು ಅನ್ನಿಸಿದ್ದು ಮೊನ್ನೆ ಶನಿವಾರದಿಂದ. ನಮ್ಮ ಹತ್ತಿರದ ಅಂಗಡಿಯೊಂದರಲ್ಲಿ ಚಿಕ್ಕ ಟೂರ್ನಮೆಂಟ್. ನೈಟ್ ಮುಗಿಸಿ, ಸ್ನಾನ ಮಾಡಿ, ಫ್ಲಾಸ್ಕಲ್ಲಿ ಕಾಫಿ ಹಾಕ್ಕೊಂಡು ಹೋಗಿ ಹಿಂದೆ ಕೂತಿದ್ದೆ. ಮೂರನೇ ಸುತ್ತಲ್ಲಿ ಮಗನಿಗೆ ಸಿಕ್ಕಿದ್ದು ಕಾಲೇಜು ಓದೋ ಹುಡುಗ, ಅವನ ಡೆಕ್ ಚಾರಿಝಾರ್ಡ್. ಮಗ ಸೋತ. ಆ ಹುಡುಗ ಮರ್ಯಾದೆಯಿಂದ ಕೈ ಕುಲುಕಿ ಹೋದ. ಮಗ ನನ್ನ ಹತ್ತಿರ ಬಂದು ಬ್ಯಾಗ್ ಬಿಸಾಕಿ, "ಮ್ಯಾಚಪ್ಪೇ ಕೆಟ್ಟದಿತ್ತು ಅಮ್ಮ, ನಾನೇನ್ ಮಾಡ್ಲಿ" ಅಂದ.

ಆ ಮಾತು ನನಗೆ ಚುಚ್ಚಿತು. ಯಾಕಂದ್ರೆ ಅದು ನನ್ನದೇ ಮಾತು.

2022ರಲ್ಲಿ ಇಲ್ಲಿಗೆ ಬಂದಾಗ ಆಸ್ಕಿ ಅನ್ನೋ ಪ್ರಾಕ್ಟಿಕಲ್ ಪರೀಕ್ಷೆ ಬರೆದೆ, ಹತ್ತು ಸ್ಟೇಷನ್. ಮೊದಲ ಸಲ ಎರಡರಲ್ಲಿ ಫೇಲ್. ಊರಿಗೆ ಏನು ಹೇಳಿದೆ ಅಂತ ನಿಮಗೆಲ್ಲ ನೆನಪಿದೆ. "ಇವರ ಇಂಗ್ಲಿಷ್ ಬೇರೆ, ಪದ್ಧತಿ ಬೇರೆ, ನಮ್ಮ ಕಡೆಯಿಂದ ಬಂದವರಿಗೆ ಇದು ಕಷ್ಟವೇ." ಎಲ್ಲರೂ ಪಾಪ ಅಂದ್ರಿ. ಕಷ್ಟ ಅನ್ನೋದು ಸುಳ್ಳಲ್ಲ. ಆದ್ರೆ ನಾನು ಹೇಳದೇ ಬಿಟ್ಟ ಮಾತು ಒಂದಿತ್ತು. ಮಾತ್ರೆ ಕೊಡೋ ಸ್ಟೇಷನ್ನಲ್ಲಿ ನಾನು ಅಲರ್ಜಿ ಇದೆಯಾ ಅಂತ ಕೇಳಲೇ ಇಲ್ಲ. ಮೈಸೂರಲ್ಲಿ ಬಿಎಸ್ಸಿ ಮೊದಲ ವರ್ಷದಲ್ಲೇ ಕಲಿತಿದ್ದು ಅದು. ಅದನ್ನ ಕೇಳೋಕೆ ಬೇರೆ ಇಂಗ್ಲಿಷ್ ಬೇಕಿರಲಿಲ್ಲ. ಮೂರು ವಾರ ನನ್ನ ಅದೃಷ್ಟಾನ ಬೈಕೊಂಡು ಕೂತಿದ್ದೆ. ಕೊನೆಗೆ ಒಂದು ರಾತ್ರಿ ಹಾಳೆಯಲ್ಲಿ ಎಲ್ಲಿ ಏನು ಬಿಟ್ಟೆ ಅಂತ ಬರೆದೆ. ಎರಡನೇ ಸಲ ಪಾಸಾದೆ.

ಹಾಗಾಗಿ ಮಗನಿಗೆ ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದೆ: "ಒಂದು ಕಾರ್ಡ್ ವಾಪಸ್ ತಗೋಬಹುದು ಅಂದ್ರೆ ಯಾವುದನ್ನ ತಗೋತಿದ್ದೆ?" ಮೊದಲು ಮುಖ ಊದಿಸ್ಕೊಂಡ. ಬಸ್ಸಲ್ಲಿ ಎರಡು ಸ್ಟಾಪ್ ಆದ್ಮೇಲೆ ಮೆಲ್ಲಗೆ ಹೇಳಿದ: "ಎರಡನೇ ಗಾರ್ಡೆವಾರ್. ಅದು ಬೇಕಿರಲಿಲ್ಲ. ಒಂದೇ ಸಾಕಾಗಿತ್ತು. ಅದನ್ನ ಇಟ್ಟಿದ್ದಕ್ಕೆ ಅವನಿಗೆ ಸುಲಭವಾಗಿ ಎರಡು ಪ್ರೈಜ್ ಸಿಕ್ತು." ಆಮೇಲೆ ಮನೆ ಬರೋವರೆಗೂ ಅದೇ ಮಾತು, ಕಣ್ಣಲ್ಲಿ ನೀರಿಲ್ಲ.

ತಮ್ಮನಿಗೂ ನ್ಯಾಯ ಸಲ್ಲಬೇಕು. ಟೂರ್ನಮೆಂಟಿಗೆ ಹೋಗೋ ಮುಂಚೆ, ಆ ಅಂಗಡಿಗೆ ಬರೋರಲ್ಲಿ ಅರ್ಧ ಜನ ಚಾರಿಝಾರ್ಡ್ ಇಟ್ಕೊಂಡು ಬರ್ತಾರೆ ಅಂತ ಗೊತ್ತಿದ್ರೆ, ಗಾರ್ಡೆವಾರ್ ಎತ್ಕೊಂಡು ಹೋಗೋದು ಹಟ, ಧೈರ್ಯ ಅಲ್ಲ. ಗೆಲ್ಲಲೇಬೇಕು ಅನ್ನೋನು ಡೆಕ್ ಬದಲಾಯಿಸ್ಬೇಕು. ಮಳೆ ಬರೋ ಹಾಗಿದ್ರೆ ಕೊಬ್ಬರಿ ಒಣಗಿಸೋಕೆ ಯಾರೂ ಹಾಕಲ್ಲ. ಆದ್ರೆ ಹನ್ನೊಂದು ವರ್ಷದ ಹುಡುಗ ಸೋತಾಗೆಲ್ಲ ಹೊಸ ಡೆಕ್ ಕೊಂಡ್ರೆ ಎರಡು ನಷ್ಟ. ದುಡ್ಡು ಒಂದು. ಕೆಟ್ಟ ಮ್ಯಾಚಪ್ ಹೇಗೆ ಆಡೋದು ಅಂತ ಕಲಿಯದೇ ಹೋಗೋದು ಇನ್ನೊಂದು. ಎಲ್ಲದಕ್ಕೂ ಗೆಲ್ಲೋ ಡೆಕ್ ಇಲ್ಲ. ಚಾರಿಝಾರ್ಡ್‌ಗೂ ಗ್ರಾಸ್ ಜಾತಿ ಆಗಲ್ಲ. ಅವತ್ತು ತಮ್ಮ ಏನಂತಾನೆ ನೋಡ್ಬೇಕು.

ಆದ್ದರಿಂದ ನನ್ನ ತೀರ್ಪು ಇದು: ಮ್ಯಾಚಪ್ ಚರ್ಚೆ ಆಟಕ್ಕೆ ಮುಂಚೆ ಎಷ್ಟು ಬೇಕಾದ್ರೂ ಮಾಡಿ. ಕೂತ ಮೇಲೆ ಅದನ್ನ ಬಾಯಿಗೆ ತರಬೇಡಿ. ಸೋತ ಮೇಲೆ ಮೊದಲು ನಿಮ್ಮ ತಪ್ಪು ಹೇಳಿ, ಆಮೇಲೆ ಬೇಕಿದ್ರೆ ಮ್ಯಾಚಪ್ ಬೈರಿ. ಕೆಲವು ಸಲ ತಪ್ಪೇ ಸಿಗಲ್ಲ, ಚೆನ್ನಾಗಿ ಆಡಿಯೂ ಸೋಲ್ತೀವಿ. ಅದೂ ಇದೆ, ವಾರ್ಡಲ್ಲೂ ಇದೆ. ಆದ್ರೆ ಹುಡುಕದೇನೇ ಸಿಗಲಿಲ್ಲ ಅನ್ನಬಾರದು.

ಅಮ್ಮ, ನಿಮ್ಮ ಭಯಕ್ಕೂ ಇದೇ ನನ್ನ ಉತ್ತರ. ಆ ತೋಟ ಕಳೆದವರು ಕೊನೇವರೆಗೂ ಹೇಳಿದ್ದು "ಎಲೆ ಸರಿ ಬೀಳಲಿಲ್ಲ" ಅಂತ. ನನ್ನ ಮಗ "ಎರಡನೇ ಗಾರ್ಡೆವಾರ್ ಇಡಬಾರದಿತ್ತು" ಅಂತಾನೆ. ಹಾಗೆ ಹೇಳೋವರೆಗೂ ಆಡ್ಲಿ. ಹೇಳೋದು ನಿಲ್ಲಿಸಿದ ದಿನ ಕಾರ್ಡ್ ಡಬ್ಬಿ ನಾನೇ ಅಟ್ಟಕ್ಕೆ ಹಾಕ್ತೀನಿ.

ಅಂದಹಾಗೆ ಕಳೆದ ಭಾನುವಾರ ತಮ್ಮನ ಹಿಂದೆ ಅಡುಗೆಮನೆ ಬಾಗಿಲಲ್ಲಿ ನಿಂತು ಯಾರೋ "ಆ ಬಲೂನು ಬಂತಾ?" ಅಂತ ಕೇಳಿದ್ದು ನನಗೆ ಇಲ್ಲಿಗೆ ಸ್ಪಷ್ಟವಾಗಿ ಕೇಳಿಸ್ತು. ಯಾರು ಅಂತ ಹೇಳಲ್ಲ.

ನಿಮ್ಮ ಮನೇಲೂ ಇಂಥ ಜಗಳ ಇದ್ರೆ ಕೆಳಗೆ ಬರೀರಿ, ಚೌಕಾಬಾರದ್ದಾದ್ರೂ ಸರಿ. ನಾಳೆಯಿಂದ ಮತ್ತೆ ಎರಡು ನೈಟ್. ಉತ್ತರ ತಡವಾದ್ರೆ ಬೇಜಾರು ಮಾಡ್ಕೋಬೇಡಿ.