‘ಮದ್ದು’ ಎಂಬ ಮಾತು: ಭಾಷೆ ಮತ್ತು ನೀತಿಯ ಕುರಿತು ಒಂದು ವಿಚಾರ

ಭಾಷೆಗೂ ನೀತಿಗೂ ಏನು ಸಂಬಂಧ ಎಂಬ ಪ್ರಶ್ನೆ ತರಗತಿಯಲ್ಲಿ ಎದ್ದಾಗ ಚರ್ಚೆ ಸಾಮಾನ್ಯವಾಗಿ ಸುಳ್ಳಾಡಬಾರದು ಎಂಬಲ್ಲಿಗೆ ಮುಗಿಯುತ್ತದೆ. ಆದರೆ ಒಂದು ಸುಳ್ಳನ್ನೂ ಆಡದೆ, ಪದಗಳ ಆಯ್ಕೆಯಿಂದಲೇ ಅನ್ಯಾಯಕ್ಕೆ ದಾರಿ ಮಾಡಿಕೊಡಬಹುದು. ಇದನ್ನು ಕಾಸರಗೋಡಿನವರಾದ ನಮಗೆ ಯಾರೂ ದೂರದಿಂದ ಬಂದು ಕಲಿಸಬೇಕಾಗಿಲ್ಲ. ‘ಮದ್ದು’ ಎಂಬ ನಮ್ಮ ಮನೆಮಾತೇ ಅದಕ್ಕೆ ಸಾಕ್ಷಿ.

ಬ್ರಿಟಿಷ್ ತತ್ತ್ವಜ್ಞಾನಿ ಎ.ಜೆ. ಏಯರ್ 1936ರಲ್ಲಿ ಪ್ರಕಟಿಸಿದ ‘ಲ್ಯಾಂಗ್ವೇಜ್, ಟ್ರೂತ್ ಅಂಡ್ ಲಾಜಿಕ್’ ಕೃತಿಯಲ್ಲಿ, ನೀತಿಯ ಮಾತುಗಳು ಸಂಗತಿಗೆ ಏನನ್ನೂ ಸೇರಿಸುವುದಿಲ್ಲ, ಆಡುವವನ ಭಾವನೆಯನ್ನಷ್ಟೇ ಹೊರಗೆಡಹುತ್ತವೆ ಎಂದು ವಾದಿಸಿದರು. ‘ನೀನು ಹಣ ಕದ್ದೆ’ ಎಂಬುದು ಸಂಗತಿ. ‘ಕದ್ದದ್ದು ತಪ್ಪು’ ಎನ್ನುವಾಗ ಹೆಚ್ಚಿಗೆ ಸೇರುವುದು ನಮ್ಮ ಅಸಮ್ಮತಿ ಮಾತ್ರ ಎಂಬುದು ಅವರ ನಿಲುವು. ವಾದ ಚುರುಕಾಗಿದೆ. ಆದರೆ ‘ಕದ್ದೆ’ ಎಂಬ ಕ್ರಿಯಾಪದವನ್ನೇ ಗಮನಿಸೋಣ. ‘ತೆಗೆದುಕೊಂಡೆ’ ಎನ್ನಬಹುದಾದಲ್ಲಿ ‘ಕದ್ದೆ’ ಎಂದಾಗಲೇ ತೀರ್ಪು ಬಂದುಬಿಟ್ಟಿದೆ. ಬರ್ನಾರ್ಡ್ ವಿಲಿಯಮ್ಸ್ 1985ರ ತಮ್ಮ ನೀತಿಶಾಸ್ತ್ರದ ಗ್ರಂಥದಲ್ಲಿ ಇಂಥ ಪದಗಳನ್ನು ಗಾಢ ಪರಿಕಲ್ಪನೆಗಳೆಂದು ಗುರುತಿಸಿದರು. ಕ್ರೂರ, ಹೇಡಿ, ದ್ರೋಹ ಮೊದಲಾದ ಪದಗಳಲ್ಲಿ ವರ್ಣನೆ ಮತ್ತು ಮೌಲ್ಯ ಹಾಲಿನಲ್ಲಿ ನೀರು ಬೆರೆತಂತೆ ಇರುತ್ತವೆ. ಅವನ್ನು ಬೇರ್ಪಡಿಸಿ ತೋರಿಸುವುದು ಸುಲಭವಲ್ಲ. ಸಂಗತಿಯನ್ನು ಹೇಳಲು ಹೊರಟವನು ಪದವೊಂದನ್ನು ಆರಿಸುವಾಗಲೇ ನೀತಿಯ ಅಂಗಳಕ್ಕೆ ಕಾಲಿಟ್ಟಿರುತ್ತಾನೆ.

ಈಗ ನಮ್ಮ ಜಿಲ್ಲೆಗೆ ಬರೋಣ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿಯ ಸರ್ಕಾರಿ ಸ್ವಾಮ್ಯದ ಗೇರುತೋಟಗಳ ಮೇಲೆ ಟೀ ಸೊಳ್ಳೆಯ ಹತೋಟಿಗಾಗಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ತೋಟಗಳ ತಪ್ಪಲಿನಲ್ಲೇ ಮನೆಗಳಿದ್ದವು. ಜನ ಕುಡಿಯುತ್ತಿದ್ದುದು ಸುರಂಗದ ಮತ್ತು ತೋಡಿನ ನೀರನ್ನು. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ ಮುಂತಾದ ಕಡೆಗಳಲ್ಲಿ ಮಕ್ಕಳಲ್ಲಿ ಕಂಡುಬಂದ ಅಂಗವೈಕಲ್ಯವನ್ನೂ ಬುದ್ಧಿಮಾಂದ್ಯವನ್ನೂ ಇತರ ಕಾಯಿಲೆಗಳನ್ನೂ ಊರಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆ ಮೊದಲಾದವರು ನಾಡಿನ ಗಮನಕ್ಕೆ ತಂದರು. 2011ರಲ್ಲಿ ಸ್ಟಾಕ್‌ಹೋಮ್ ಒಪ್ಪಂದ ಈ ರಾಸಾಯನಿಕವನ್ನು ನಿಷೇಧದ ಪಟ್ಟಿಗೆ ಸೇರಿಸಿತು. ಅದೇ ವರ್ಷ ಸುಪ್ರೀಂ ಕೋರ್ಟು ಅದರ ಉತ್ಪಾದನೆಯನ್ನೂ ಮಾರಾಟವನ್ನೂ ದೇಶದಲ್ಲಿ ತಡೆಯಿತು.

ಅದನ್ನು ನಾವು ಕರೆದ ಹೆಸರು ಮದ್ದು. ಅಡಕೆಗೆ ಹೊಡೆಯುವ ಬೋರ್ಡೋ ದ್ರಾವಣವೂ ಮದ್ದು, ಜ್ವರಕ್ಕೆ ಕುಡಿಯುವ ಕಷಾಯವೂ ಮದ್ದು, ಆಕಾಶದಿಂದ ಬಿದ್ದದ್ದೂ ಮದ್ದು. ವಿಷವೆಂದು ಕರೆದಿದ್ದರೆ ಬಾವಿಗೆ ಮುಚ್ಚಳ ಹಾಕಬೇಕೆಂದು ಯಾರಾದರೂ ಕೇಳುತ್ತಿದ್ದರು. ಮದ್ದಿಗೆ ಯಾರು ಹೆದರುತ್ತಾರೆ? ವಿಚಿತ್ರವೆಂದರೆ ಆ ಪದದೊಳಗೇ ಎಚ್ಚರಿಕೆಯೂ ಇತ್ತು. ‘ಮದ್ದು ಹಾಕಿದರು’ ಎಂದರೆ ಊಟದಲ್ಲಿ ಕೆಡುಕು ಬೆರೆಸಿದರೆಂದು ನಮ್ಮ ಹಿರಿಯರು ಅರ್ಥಮಾಡಿಕೊಳ್ಳುತ್ತಿದ್ದರು. ಕೋವಿಗೆ ತುಂಬುವುದೂ ಮದ್ದೇ. ಗ್ರೀಕರ ‘ಫಾರ್ಮಕಾನ್’ ಪದಕ್ಕೂ ಔಷಧ, ವಿಷ ಎಂಬ ಎರಡೂ ಅರ್ಥಗಳಿವೆ. ಪ್ಲೇಟೋನ ‘ಫೀಡ್ರಸ್’ ಸಂವಾದದಲ್ಲಿ ಥ್ಯೂತ್ ದೇವತೆ ಬರವಣಿಗೆಯನ್ನು ನೆನಪಿನ ಫಾರ್ಮಕಾನ್ ಎಂದು ಹೊಗಳಿದಾಗ, ದೊರೆ ಥಾಮಸ್ ಅದರಿಂದ ಮರೆವೇ ಹೆಚ್ಚೀತೆಂದು ಆಕ್ಷೇಪಿಸುತ್ತಾನೆ. ಕೊಡುವವನು ಹೇಳಿದ ಅರ್ಥವನ್ನಷ್ಟೇ ಒಪ್ಪದೆ, ಪದದ ಇನ್ನೊಂದು ಮುಖವನ್ನು ಕೇಳುವುದು ದೊರೆಯ ವಿವೇಕ. ನಾವು ಆ ಇನ್ನೊಂದು ಮುಖವನ್ನು ಕೇಳಲು ಬಹಳ ತಡಮಾಡಿದೆವು.

ಪದವಷ್ಟೇ ಅಲ್ಲ, ವ್ಯಾಕರಣವೂ ಇಲ್ಲಿ ಹೊಣೆಯ ವಿಷಯವೇ. ಊರಿನ ತಾಯಿಯೊಬ್ಬಳು ‘ಮದ್ದು ಬಿಟ್ಟರು’ ಎನ್ನುತ್ತಾಳೆ. ಆಕೆ ಕರ್ತೃಪದವನ್ನು ಬಳಸಿಲ್ಲ; ಆದರೂ ‘ಅರು’ ಎಂಬ ಆಖ್ಯಾತ ಪ್ರತ್ಯಯ ಇದು ಮನುಷ್ಯರು ಮಾಡಿದ ಕೆಲಸವೆಂದು ಸಾರುತ್ತದೆ. ಅದೇ ಮಾತು ಕಚೇರಿಯ ಕಡತಕ್ಕೆ ಏರುವಾಗ ‘ಸಿಂಪಡಿಸಲಾಯಿತು’ ಎಂದಾಗುತ್ತದೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಮನುಷ್ಯರಿದ್ದ ಜಾಗ ಖಾಲಿಯಾಗಿದೆ. ಮುಂದೆ ‘ದುರಂತ’ ಎಂಬ ಪದ ಬರುತ್ತದೆ. ನೆರೆಯೂ ದುರಂತ, ಭೂಕಂಪವೂ ದುರಂತ, ಇದೂ ಒಂದು ದುರಂತ. ಕೊನೆಗೆ ‘ಪರಿಹಾರ’. ನಷ್ಟಕ್ಕೆ ಕೊಡುವ ಹಣಕ್ಕೂ ಸಮಸ್ಯೆ ಬಗೆಹರಿಯುವುದಕ್ಕೂ ಕನ್ನಡದಲ್ಲಿ ಒಂದೇ ಪದ. ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತು. ಅದು ನ್ಯಾಯವೇ. ಆದರೆ ಹಾಸಿಗೆ ಬಿಟ್ಟೇಳದ ಮಗನನ್ನು ನೋಡಿಕೊಳ್ಳುವ ತಾಯಿಗೆ ಮೊದಲ ಅರ್ಥದ ಪರಿಹಾರ ಸಿಕ್ಕಿತೆಂದು ಎರಡನೆಯ ಅರ್ಥದ ಪರಿಹಾರವೂ ಆಯಿತೆಂದು ನಾವು ಭಾವಿಸಬಾರದು.

ಹಾಗಾದರೆ ಭಾಷೆಯೇ ನಮ್ಮ ನೀತಿಯನ್ನು ನಿರ್ಣಯಿಸುತ್ತದೆಯೆ? ಇಲ್ಲವೆಂಬುದು ನನ್ನ ಅಭಿಪ್ರಾಯ. ನೆರೆಯ ಮಲಯಾಳದ ಕ್ರಿಯಾಪದಕ್ಕೆ ಕನ್ನಡದಂತೆ ಪುರುಷ-ವಚನ ಪ್ರತ್ಯಯಗಳಿಲ್ಲ. ಅಷ್ಟರಿಂದ ಮಲಯಾಳಿಗಳು ಹೊಣೆಯನ್ನು ಮರೆತರೆ? ಅಂಬಿಕಾಸುತನ್ ಮಾಂಗಾಡ್ ಅವರ ‘ಎಣ್ಮಕಜೆ’ ಕಾದಂಬರಿ ಇದೇ ನೋವನ್ನು ಮಲಯಾಳದಲ್ಲಿ ನಿರ್ಭಿಡೆಯಿಂದ ಹೇಳಿತು. ಪ್ರತ್ಯಯವಿದ್ದ ಕನ್ನಡದಲ್ಲೂ ಕಡತದ ಭಾಷೆ ಅದನ್ನು ತಪ್ಪಿಸುವ ದಾರಿಯನ್ನು ಕಂಡುಕೊಂಡಿತು. ಭಾಷೆ ಸಾಧ್ಯತೆಗಳನ್ನು ಒದಗಿಸುತ್ತದೆ, ಆಯ್ಕೆ ನಮ್ಮದು. ಪದ ಬದಲಿಸಿದರೆ ನೋವು ತೀರುತ್ತದೆಯೆ ಎಂದು ಕೆಲವರು ಕೇಳಬಹುದು. ತೀರುವುದಿಲ್ಲ. ನುಡಿಗೆ ನಡೆ ಜೊತೆಯಾಗದಿದ್ದರೆ ನುಡಿ ಬರಿದೆಂಬುದನ್ನು ಶರಣರು ಎಂಟು ಶತಮಾನಗಳಿಗೂ ಹಿಂದೆಯೇ ನಮಗೆ ಕಲಿಸಿದ್ದಾರೆ. ಆದರೆ ತಪ್ಪು ಹೆಸರಿನಿಂದ ಕರೆದ ಕೇಡನ್ನು ತಡೆಯಲು ಯಾವ ನಡೆಯೂ ಹೊರಡುವುದಿಲ್ಲ ಎಂಬುದೂ ಅಷ್ಟೇ ನಿಜ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಇದನ್ನು ಹೇಳಲು ಕಾರಣವಿದೆ. ಗಡಿನಾಡಿನಲ್ಲಿ ನೀವು ನಾಳೆ ಅಧ್ಯಾಪಕರಾಗುವಿರಿ, ವರದಿಗಾರರಾಗುವಿರಿ. ಅದಕ್ಕೂ ಮೊದಲು, ಮಲಯಾಳ ಓದಲು ಬಾರದ ನೆರೆಮನೆಯ ಅಜ್ಜಿಯ ಅರ್ಜಿಯನ್ನು ಬರೆದುಕೊಡುವವರು ನೀವೇ. ಆಕೆ ಹೇಳುವುದನ್ನು ಕಚೇರಿಯ ಭಾಷೆಗೆ ತಿರುಗಿಸುವಾಗ ಕರ್ತೃ, ಕರ್ಮ, ಕ್ರಿಯೆಗಳ ಪಾಠ ನೆನಪಾಗಲಿ. ಪರೀಕ್ಷೆಯಲ್ಲಿ ಅದಕ್ಕೆ ಕೆಲವು ಅಂಕಗಳು ಮಾತ್ರ. ಆ ಅರ್ಜಿಯಲ್ಲಿ ಆಕೆಯ ‘ಬಿಟ್ಟರು’ ಹಾಗೆಯೇ ಉಳಿಯುತ್ತದೆಯೋ ಇಲ್ಲವೋ ಎಂಬುದು ನಿಮ್ಮ ಲೇಖನಿಗೆ ಬಿಟ್ಟದ್ದು.