ಸಾಮಾಜಿಕ ಜಾಲತಾಣಗಳ ಅಧ್ಯಯನ ಮತ್ತು ಕನ್ನಡ ವಿಭಾಗದ ಹೊಣೆ

ಚೆನ್ನೈನ ಅಣ್ಣಾ ನಗರದಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ಗೋಪುರವೊಂದಿದೆ. 1968ರ ವ್ಯಾಪಾರ ಮೇಳದ ಸಂದರ್ಭದಲ್ಲಿ ಕಟ್ಟಿದ ಆ ಗೋಪುರದ ಸುತ್ತ ಬೆಳೆದ ಬಡಾವಣೆ ಇಂದು ತರಬೇತಿ ಕೇಂದ್ರಗಳಿಗೆ ಹೆಸರಾಗಿದೆ. ಅಲ್ಲಿನ ಕನ್ನಡ ಕುಟುಂಬವೊಂದರ ತರುಣಿ ನಿರ್ವಹಣಾಶಾಸ್ತ್ರದ ಸ್ನಾತಕೋತ್ತರ ತರಗತಿಯಲ್ಲಿ ಸಾಮಾಜಿಕ ಜಾಲತಾಣಗಳನ್ನು ವಿಶೇಷ ವಿಷಯವಾಗಿ ಓದುತ್ತಿದ್ದಾಳೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ತರಗತಿಯಲ್ಲಿ ಇಂಗ್ಲಿಷ್. ಬಂಧುಗಳ ವಾಟ್ಸಾಪ್ ಗುಂಪಿಗೆ ಬರೆಯುವಾಗ ರೋಮನ್ ಲಿಪಿಯ ಕನ್ನಡ. ಒಮ್ಮೆ ಆಕೆ, “ನಾವು ಓದೋದೆಲ್ಲ ಮಾತಿನ ವಿಷಯವೇ ಅಲ್ವಾ ಸರ್? ಭಾಷೆ ಓದಿದ ನೀವು ಯಾಕೆ ಇದನ್ನ ಪಾಠ ಮಾಡೋದಿಲ್ಲ?” ಎಂದು ಕೇಳಿದಳು. ಆಗ ನನ್ನಲ್ಲಿ ಉತ್ತರವಿರಲಿಲ್ಲ. ಈ ಬರಹ ಆ ಉತ್ತರವನ್ನು ಹುಡುಕುವ ಪ್ರಯತ್ನ.

ನಿರ್ವಹಣಾಶಾಸ್ತ್ರದವರು ಜಾಲತಾಣವನ್ನು ಮುಖ್ಯವಾಗಿ ಮಾರುಕಟ್ಟೆಯ ದೃಷ್ಟಿಯಿಂದ ನೋಡುತ್ತಾರೆ. ಒಂದು ಬರಹವನ್ನು ಎಷ್ಟು ಜನ ಕಂಡರು, ಎಷ್ಟು ಜನ ಮೆಚ್ಚಿದರು, ಎಷ್ಟು ಜನ ಹಂಚಿದರು ಎಂಬ ಎಣಿಕೆ ಅಲ್ಲಿ ಪ್ರಧಾನ. ಈ ಶಾಸ್ತ್ರವನ್ನು ಹಗುರವಾಗಿ ಕಾಣಬೇಕಾಗಿಲ್ಲ. ಅದು ಅನೇಕರಿಗೆ ಅನ್ನದ ದಾರಿಯಾಗಿದೆ. ಆದರೆ ಮಾತು ಎಷ್ಟು ದೂರ ಹೋಯಿತು ಎಂಬುದನ್ನು ತಿಳಿಸುವ ಎಣಿಕೆ, ಅದು ಏನು ಮಾಡಿತು ಎಂಬುದನ್ನು ತಿಳಿಸಲಾರದು.

ಎರಡು ನಿದರ್ಶನಗಳನ್ನು ನೋಡಬಹುದು. 2012ರ ಆಗಸ್ಟ್‌ನಲ್ಲಿ, ತಮ್ಮ ಮೇಲೆ ದಾಳಿ ನಡೆಯಲಿದೆಯೆಂಬ ವದಂತಿಗೆ ಬೆದರಿ, ಬೆಂಗಳೂರಿನಲ್ಲಿದ್ದ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗುವಾಹಟಿಯ ರೈಲುಗಳನ್ನು ಹತ್ತಿದರು. ಕೇಂದ್ರ ಸರ್ಕಾರವು ಸಗಟು ಸಂದೇಶಗಳ ಮೇಲೆ 15 ದಿನಗಳ ನಿರ್ಬಂಧ ಹೇರಿತು. ಸಂದೇಶಗಳ ಸಂಖ್ಯೆಯನ್ನು ತಗ್ಗಿಸುವುದು ಆ ಹೊತ್ತಿನ ಅನಿವಾರ್ಯ ಕ್ರಮವಾಗಿದ್ದಿರಬಹುದು. ಆದರೆ ಮೂಲವೇ ಇಲ್ಲದ ಮಾತನ್ನು ಜನ ಏಕೆ ನಂಬಿದರು ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ಇನ್ನೊಂದು, 2015ರ ಡಿಸೆಂಬರ್‌ನ ಚೆನ್ನೈ ನೆರೆ. ಆಗ ಸ್ವಯಂಸೇವಕರು ಜಾಲತಾಣಗಳಲ್ಲಿ ಬಂದ ಮೊರೆಗಳನ್ನು ಒಟ್ಟುಗೂಡಿಸಿ, ಪರಿಶೀಲಿಸಿ, ನೆರವು ನೀಡುವವರಿಗೆ ತಲಪಿಸಿದರು. ಕಾಲ ಮೀರಿದ ಮೊರೆಗಳೂ ಹೊಸವುಗಳೊಡನೆ ಸುತ್ತುತ್ತಿದ್ದುದರಿಂದ, ಯಾವುದು ಎಂದಿನದು, ಯಾರು ಬರೆದದ್ದು ಎಂದು ನಿರ್ಣಯಿಸುವುದೇ ಅವರ ದೊಡ್ಡ ಶ್ರಮವಾಯಿತು.

ಮೂಲ ಯಾವುದು, ಕಾಲ ಯಾವುದು, ಕರ್ತೃ ಯಾರು, ನಡುವೆ ಸೇರಿದ್ದು ಯಾವುದು? ಈ ಪ್ರಶ್ನೆಗಳು ಕನ್ನಡ ಎಂ.ಎ. ವಿದ್ಯಾರ್ಥಿಗೆ ಹೊಸವಲ್ಲ. ಡಿ.ಎಲ್. ನರಸಿಂಹಾಚಾರ್ಯರು ಕನ್ನಡ ಗ್ರಂಥಸಂಪಾದನೆಗೆ ಹಾಕಿಕೊಟ್ಟ ಶಿಸ್ತು ಇಂತಹ ಪ್ರಶ್ನೆಗಳನ್ನೇ ಆಧರಿಸಿದೆ. ಓಲೆಗರಿಯ ಲಿಪಿಕಾರನ ಸ್ಖಾಲಿತ್ಯವನ್ನು ಗುರುತಿಸಬಲ್ಲ ಕಣ್ಣು, ಬಸವಣ್ಣನವರ ಅಂಕಿತ ಹೊತ್ತು ಮೊಬೈಲಿನಿಂದ ಮೊಬೈಲಿಗೆ ಹರಿಯುವ ಇಂದಿನ ‘ವಚನ’ವನ್ನೂ ಗುರುತಿಸಬೇಕು. ನಾಟಕದ ಪಂಚಸಂಧಿಗಳಲ್ಲಿ ಕೊನೆಯದಕ್ಕೆ ನಿರ್ವಹಣವೆಂದು ಹೆಸರು. ಚದುರಿದ ಅರ್ಥಗಳನ್ನೆಲ್ಲ ಒಂದು ಪ್ರಯೋಜನದತ್ತ ತರುವುದು ಅದರ ಲಕ್ಷಣ. ನಿರ್ವಹಣೆ ಎಂಬ ಮಾತಿನಲ್ಲಿ ಅಡಗಿರುವ ಈ ಹೊಣೆಯನ್ನು ನೆನಪಿಸಬೇಕಾದವರು ನಾವಲ್ಲದೆ ಮತ್ತಾರು?

ಹೊರನಾಡಿನ ಕನ್ನಡ ವಿಭಾಗಗಳಿಗೆ ಈ ಕೆಲಸ ಇನ್ನೂ ಹತ್ತಿರದ್ದು. 1894ರಲ್ಲಿ ಪ್ರಕಟವಾದ ಕಿಟೆಲ್ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದ ನಾಲ್ಕು ಸಂಪುಟಗಳನ್ನು 1968ರಿಂದ 1971ರ ಅವಧಿಯಲ್ಲಿ ಹೊರತಂದದ್ದು ಮದರಾಸು ವಿಶ್ವವಿದ್ಯಾನಿಲಯ. ಕನ್ನಡದ ಪದಸಂಪತ್ತನ್ನು ಕೂಡಿಸಿಕೊಟ್ಟ ಈ ನಗರದಲ್ಲೇ ಇಂದು ತಮಿಳಿನೊಡನೆ ಬೆರೆತ, ರೋಮನ್ ಲಿಪಿ ತೊಟ್ಟ ಕನ್ನಡವೊಂದು ದಿನವೂ ಬರೆಯಲ್ಪಡುತ್ತಿದೆ. ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಲಿಪಿಗೆ ಸ್ಥಾನವಿತ್ತು. ಹಾಗಿದ್ದೂ ಶಾಲೆಯಲ್ಲಿ ಕನ್ನಡ ಕಲಿಯದ ಪೀಳಿಗೆಗೆ ಆ ಲಿಪಿ ಕೈಗೆ ಬಂದಿಲ್ಲ. ಈ ಬರವಣಿಗೆಯನ್ನು ಅಶುದ್ಧವೆಂದು ಬದಿಗೆ ಸರಿಸಿದರೆ, ಹೊರನಾಡ ಕನ್ನಡದ ಒಂದು ತಲೆಮಾರೇ ದಾಖಲೆಯಿಲ್ಲದೆ ಅಳಿದುಹೋದೀತು.

ಪಂಪನನ್ನು ಬಿಟ್ಟು ಫೇಸ್‌ಬುಕ್ಕನ್ನು ಓದಿಸಬೇಕೆ ಎಂಬ ಆಕ್ಷೇಪ ಸಹಜವಾಗಿಯೇ ಏಳುತ್ತದೆ. ಈ ಆತಂಕವನ್ನು ನಾನು ಗೌರವಿಸುತ್ತೇನೆ. ಉದ್ಯೋಗದ ಹೆಸರಿನಲ್ಲಿ ಹಳಗನ್ನಡದ ಅವಧಿಯನ್ನು ಕತ್ತರಿಸುವುದಾದರೆ ಅಂತಹ ಪತ್ರಿಕೆ ಬೇಡವೇ ಬೇಡ. ಹಳಗನ್ನಡ, ಛಂದಸ್ಸು, ಗ್ರಂಥಸಂಪಾದನೆಗಳಲ್ಲಿ ಪಳಗಿದವನಿಗೆ ಮಾತ್ರ ಹೊಸ ಪಠ್ಯವನ್ನು ಪರೀಕ್ಷಿಸುವ ಅಧಿಕಾರ ಬರುತ್ತದೆ ಎಂಬುದೇ ನನ್ನ ವಾದ.

ಆದಕಾರಣ ಸ್ನಾತಕೋತ್ತರ ತರಗತಿಯ ಕೊನೆಯ ವರ್ಷದಲ್ಲಿ ಒಂದು ಐಚ್ಛಿಕ ಪತ್ರಿಕೆಯನ್ನಾದರೂ ಇರಿಸಬಹುದು. 1843ರ ‘ಮಂಗಳೂರ ಸಮಾಚಾರ’ದಿಂದ ಮೊಬೈಲಿನವರೆಗಿನ ಸಂವಹನದ ಚರಿತ್ರೆ, ಸಂದೇಶಗಳ ಪಠ್ಯವಿಮರ್ಶೆ, ಭಾಷಾಸಂಪರ್ಕ ಮತ್ತು ಲಿಪಿ, ಜಾಲತಾಣವೊಂದನ್ನು ವಿದ್ಯಾರ್ಥಿಗಳೇ ಕನ್ನಡದಲ್ಲಿ ನಡೆಸಿ ಪಡೆಯುವ ಅನುಭವ, ಇವು ಅದರ ಅಂಗಗಳಾಗಲಿ. ನಿರ್ವಹಣಾಶಾಸ್ತ್ರದ ಅಧ್ಯಾಪಕರನ್ನೂ ಪಾಠಕ್ಕೆ ಕರೆಯೋಣ. ಮನೆಮಂದಿಯ ಗುಂಪಿನ ಮಾತುಗಳನ್ನು ಅವರ ಒಪ್ಪಿಗೆಯಿಲ್ಲದೆ ಸಂಶೋಧನೆಗೆ ಎತ್ತಿಕೊಳ್ಳಬಾರದೆಂಬ ನಿಯಮವೂ ಪಾಠದ ಭಾಗವಾಗಿರಲಿ. ವೈಯಕ್ತಿಕ ದತ್ತಾಂಶದ ರಕ್ಷಣೆಗೆ ಸಂಸತ್ತು 2023ರಲ್ಲಿ ಕಾಯಿದೆಯನ್ನೇ ಅಂಗೀಕರಿಸಿದೆ.

ಅಣ್ಣಾ ನಗರದ ಆ ತರುಣಿ ಮುಂದೆ ಯಾವುದಾದರೂ ಸಂಸ್ಥೆಯ ಪರವಾಗಿ ಲಕ್ಷಾಂತರ ಜನರೊಡನೆ ಮಾತನಾಡುವ ಸ್ಥಾನವನ್ನು ಪಡೆಯಬಹುದು. ಮಾತಿನ ಬೆಲೆಯನ್ನು ಆಕೆಗೆ ಮಾರುಕಟ್ಟೆ ಕಲಿಸುತ್ತದೆ. ಮಾತಿನ ಹೊಣೆಯನ್ನು ಕಲಿಸುವ ತರಗತಿಯೊಂದು ಕನ್ನಡ ವಿಭಾಗದಲ್ಲಿ ತೆರೆದರೆ, ಆಕೆಯ ಪ್ರಶ್ನೆಗೆ ನಾನು ತಲೆಯೆತ್ತಿ ಉತ್ತರಿಸಬಲ್ಲೆ.