ಬಿಚ್ಚಲು ಬರುವ ಪೆಡಲ್

ಅಕ್ಕನ ಮಗ ಬೆಂಗಳೂರಿನಿಂದ ಸೈಕಲ್ ಸಮೇತ ಊರಿಗೆ ಬಂದ. ಬಂದದ್ದು ಆಟಿ ತಿಂಗಳ ನಡುವಿಗೆ, ಅಂಗಳ ದಾಟಲೂ ಕಾಲಬೆರಳು ಊರಿ ನಡೆಯಬೇಕಾದ ಕಾಲಕ್ಕೆ. ಬೇಡ ಎಂದರೂ ಕೇಳದೆ ಪೊಸಡಿಗುಂಪೆ ಗುಡ್ಡೆಗೆ ಹೋದ. ಮಧ್ಯಾಹ್ನ ಸೈಕಲ್ ತಳ್ಳಿಕೊಂಡು ಮರಳಿದವನು ಜಗಲಿಯಲ್ಲಿ ಕೂತು ಮೊಣಕೈಯ ಗಾಯಕ್ಕೆ ತೆಂಗಿನೆಣ್ಣೆ ಸವರುತ್ತಾ ಕೇಳಿದ: “ಮಾವ, ದುಡ್ಡು ಎಷ್ಟಾದರೂ ಅಡ್ಡಿಲ್ಲ. ಜನ್ಮಕ್ಕೆ ಬರುವಂಥ ಪೆಡಲ್ ಒಂದು ಹೇಳಿ.”

ಅವನ ಬಲಗಡೆಯ ಪೆಡಲ್ ಕಿರ್ರೆನ್ನುತ್ತಿತ್ತು, ಹಿಡಿದು ಅಲ್ಲಾಡಿಸಿದರೆ ಪ್ಲೇ ಬಂದದ್ದು ಕೈಗೆ ತಿಳಿಯುತ್ತಿತ್ತು. ಎಡಗಡೆಯದು ಏರಿನಲ್ಲಿ ಬೂಟನ್ನು ಬಿಡಲೇ ಇಲ್ಲವಂತೆ. ಸೈಕಲ್ ನಿಂತಿತು, ಕಾಲು ಬರಲಿಲ್ಲ, ಕಡಿದ ಬಾಳೆಯ ಹಾಗೆ ಪಕ್ಕಕ್ಕೆ ಉರುಳಿದ. ಕೊಂಡು ಇನ್ನೂ ಎರಡು ಮಳೆಗಾಲ ಆಗಿರಲಿಲ್ಲ.

ಈ ಪೆಡಲಿಗೆ ಕ್ಲಿಪ್‌ಲೆಸ್ ಎಂದು ಹೆಸರು. ಹೆಸರು ಕ್ಲಿಪ್ ಇಲ್ಲದ್ದೆಂದು, ಕೆಲಸ ಬೂಟನ್ನು ಕ್ಲಿಪ್ ಮಾಡಿ ಹಿಡಿಯುವುದು. ಹಿಂದೆ ರೇಸಿನವರು ಪೆಡಲಿನ ಮುಂದೆ ಕಬ್ಬಿಣದ ಗೂಡು ಸಿಕ್ಕಿಸಿ ಚರ್ಮದ ಪಟ್ಟಿಯಿಂದ ಪಾದ ಬಿಗಿಯುತ್ತಿದ್ದರು. ಆ ಗೂಡಿಗೆ ಟೋ ಕ್ಲಿಪ್ ಎನ್ನುತ್ತಿದ್ದರು. ಅದು ಹೋಯಿತೆಂಬ ಅರ್ಥದಲ್ಲಿ ಈ ಹೆಸರು. ಹಿಮದ ಮೇಲೆ ಜಾರುವವರ ಬೂಟನ್ನು ಸ್ಕೀಗೆ ಬಿಗಿಯುವ ಹಿಡಿಕೆ ಮಾಡುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ ಅದೇ ಉಪಾಯವನ್ನು ಸೈಕಲಿಗೆ ತಂದದ್ದು 1984ರಲ್ಲಿ. ನಮ್ಮ ಕಾಸರಗೋಡು ಜಿಲ್ಲೆ ಹುಟ್ಟಿದ ವರ್ಷವೂ ಅದೇ. ಸಂಬಂಧವೇನೂ ಇಲ್ಲ, ನೆನಪಿಡಲು ಸುಲಭ ಅಷ್ಟೇ. ಮರುವರ್ಷ ಬರ್ನಾರ್ಡ್ ಹಿನೋ ಆ ಪೆಡಲ್ ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದ. ಆದರೆ ಅದು ಡಾಂಬರು ರಸ್ತೆಯ ಪೆಡಲ್. ಕೆಸರಿನಲ್ಲಿ ಇಳಿದು ನಡೆಯಬೇಕಾದವರಿಗೆ ಬೂಟಿನ ಅಡಿಯ ಕುಳಿಯೊಳಗೆ ಅಡಗುವ ಪುಟ್ಟ ಉಕ್ಕಿನ ತುಂಡನ್ನು, ಅಂದರೆ ಪೆಡಲಿಗೆ ಸಿಕ್ಕಿಕೊಳ್ಳುವ ಕ್ಲೀಟನ್ನು, ಶಿಮಾನೊ 1990ರಲ್ಲಿ ತಂದಿತು. ಎಸ್‌ಪಿಡಿ ಎಂದು ಎಲ್ಲರೂ ಹೇಳುವುದು ಅದನ್ನೇ.

ಜನ್ಮಕ್ಕೆ ಬರುವುದು ಎಂಬ ಮಾತು ನನ್ನನ್ನು ಹಿಡಿದುಕೊಂಡಿತು. ನಾವು ಬಾಳಿಕೆ ಎನ್ನುವುದು ಯಾವುದಕ್ಕೆ? ಮುಟ್ಟದೆ, ನೋಡದೆ, ಬಿಚ್ಚದೆ ಬಹುಕಾಲ ಉಳಿಯುವುದಕ್ಕೋ? ಹಾಗಾದರೆ ಬಾಳಿಕೆಯೆಲ್ಲ ವಸ್ತುವಿನೊಳಗೇ ಇರಬೇಕು, ಹೆಚ್ಚು ದುಡ್ಡು ಕೊಟ್ಟವನಿಗೆ ಹೆಚ್ಚು ಸಿಗಬೇಕು. ಪೆಡಲಿನ ಮಟ್ಟಿಗೆ ಇದು ಸುಳ್ಳು. ದುಬಾರಿ ಪೆಡಲಿನಲ್ಲಿ ನೀವು ಬಹುಪಾಲು ಕೊಳ್ಳುವುದು ಹಗುರತನವನ್ನು. ಶಿಮಾನೊದ ಸಾದಾ ಎಂ520 ಜೋಡಿಗೆ 380 ಗ್ರಾಂ. ಅದಕ್ಕಿಂತ ಎಷ್ಟೋ ಹೆಚ್ಚು ಬೆಲೆಯವು ಕೆಲವು ಹತ್ತು ಗ್ರಾಂ ಇಳಿಸುತ್ತವೆ. ಟೈಟಾನಿಯಂ ಆಕ್ಸಲಿನ ಕೆಲವಕ್ಕೆ ಸವಾರ ಇಂತಿಷ್ಟು ಕಿಲೋ ಮೀರಬಾರದೆಂಬ ಷರತ್ತೂ ಉಂಟು. ನಮ್ಮ ಹುಡುಗ ಹಲಸಿನ ಕಾಲದಲ್ಲಿ ಊರಿಗೆ ಬಂದರೆ ಆ ಷರತ್ತಿನ ಗಡಿಗೆ ಬಂದು ನಿಲ್ಲುವವನೇ.

ನಮ್ಮ ಮಣ್ಣನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮುರಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್, 1807ರಲ್ಲಿ, ಮಲಬಾರಿನಲ್ಲಿ ಅದನ್ನು ಇಟ್ಟಿಗೆಯಂತೆ ಕಡಿದು ಮನೆ ಕಟ್ಟುವುದನ್ನು ಕಂಡು. ಲ್ಯಾಟಿನಿನಲ್ಲಿ ಆ ಪದದ ಮೂಲಕ್ಕೆ ಇಟ್ಟಿಗೆ ಎಂದೇ ಅರ್ಥ. ಕಡಿಯುವಾಗ ಮೆದು, ಗಾಳಿಗೆ ಒಡ್ಡಿದರೆ ಗಟ್ಟಿ. ಎಣ್ಮಕಜೆ, ಬಾಯಾರು ಕಡೆ ಗುಡ್ಡೆಯ ಹೊಟ್ಟೆ ಕೊರೆದು ಸುರಂಗದಿಂದ ನೀರು ತರಲು ಆದದ್ದು ಈ ಗುಣದಿಂದಲೇ. ಬೇಸಗೆಯಲ್ಲಿ ಪದವಿನ, ಅಂದರೆ ಗುಡ್ಡೆಯ ನೆತ್ತಿಯ ಬಯಲಿನ, ಮೇಲೆ ಸೈಕಲ್ ಬಿಟ್ಟರೆ ಗರಸು ಚಕ್ರದಡಿ ಮಣಿಯಂತೆ ಉರುಳುತ್ತದೆ. ಮಳೆ ಹಿಡಿದ ಮೇಲೆ ಅದೇ ಕಲ್ಲಿಗೆ ಹಾವಸೆ, ತಗ್ಗಿನಲ್ಲಿ ಅರೆದ ಅರಶಿನದಷ್ಟು ನುಣುಪಾದ ಕೆಂಪು ರಾಡಿ. ವರ್ಷಕ್ಕೆ ಮೂರುವರೆ ಸಾವಿರ ಮಿಲಿಮೀಟರು ಮಳೆ ಹೊಯ್ಯುವ ಊರು ಇದು. ಆ ರಾಡಿ ನೀರಿನೊಂದಿಗೆ ರಬ್ಬರ್ ಸೀಲಿನ ಪಕ್ಕದಿಂದ ಒಳನುಗ್ಗಿ ಗ್ರೀಸಿಗೆ ಬೆರೆಯಿತೆಂದರೆ ಗ್ರೀಸ್ ಸಾಣೆಹಿಟ್ಟಾಗುತ್ತದೆ. ಒಣ ಊರುಗಳಲ್ಲಿ ಪರೀಕ್ಷೆಗೆ ಒಡ್ಡಿ ಇಂತಿಷ್ಟು ಸಾವಿರ ಕಿಲೋಮೀಟರು ಎಂದು ಹೊಗಳಿದ ಪೆಡಲನ್ನು ಆಟಿಯಲ್ಲಿ ಪೈವಳಿಕೆಯ ಗುಡ್ಡೆಗೆ ತಂದರೆ ಆ ಲೆಕ್ಕ ನಿಲ್ಲುವುದಿಲ್ಲ.

ಹುಡುಗನ ಪೆಡಲ್ ಹಾಳಾದದ್ದಕ್ಕೆ ಮಳೆಯೊಂದೇ ಕಾರಣವೂ ಅಲ್ಲ. ಕಳೆದ ವರ್ಷ ಬಂದಿದ್ದಾಗ, ಅಡಿಕೆಗೆ ಮದ್ದು ಬಿಡುವ ಪಂಪು ಅಂಗಳದಲ್ಲೇ ಉಂಟಲ್ಲ ಎಂದು ಅದರಿಂದಲೇ ಸೈಕಲ್ ತೊಳೆದಿದ್ದ. ಅಷ್ಟು ಒತ್ತಡದ ನೀರು ಯಾವ ಸೀಲನ್ನೂ ಕೇಳುವುದಿಲ್ಲ. ಮೇಲಿಂದ, ಪೈಪಿನಲ್ಲಿ ಬೋರ್ಡೊ ಮದ್ದಿನ ಶೇಷ ಇದ್ದೇ ಇರುತ್ತದೆ. ಸುಣ್ಣ ಕಮ್ಮಿಯಾದ ಮದ್ದಿಗೆ ಹೊಳೆಯುವ ಕತ್ತಿ ಅದ್ದಿದರೆ ಅಲಗಿಗೆ ತಾಮ್ರ ಹಿಡಿಯುವುದನ್ನು ನಮ್ಮಲ್ಲಿ ಯಾವ ತೋಟದವನೂ ಬಲ್ಲ. ಮದ್ದಿನೊಳಗಿನ ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆಂದು ತಿಳಿಯಲು ಪುಸ್ತಕ ಬೇಡ. ಕತ್ತಿಗೆ ಗೊತ್ತಿದ್ದ ಮಾತು ಪೆಡಲಿಗೆ ಅನ್ವಯಿಸೀತೆಂದು ಅವನಿಗೆ ಹೊಳೆಯಲಿಲ್ಲ. ನನಗೂ ಹೊಳೆದಿರಲಿಲ್ಲ ಎನ್ನಿ, ಪಂಪು ಚಾಲೂ ಮಾಡಿಕೊಟ್ಟವನು ನಾನೇ.

ಉಕ್ಕು ಉಕ್ಕನ್ನು ಉಜ್ಜಿದಲ್ಲಿ ಎರಡರಲ್ಲೊಂದು ಸವೆಯಲೇಬೇಕು. ಸವೆಯದ ಪೆಡಲ್ ಎಂಬುದು ಇಲ್ಲ. ಯಾವುದು ಮೊದಲು ಸವೆಯಬೇಕು ಎಂಬುದನ್ನು ಮಾತ್ರ ಮಾಡಿದವನು ತೀರ್ಮಾನಿಸಬಹುದು. ಎಸ್‌ಪಿಡಿಯಲ್ಲಿ ಕ್ಲೀಟ್ ಸವೆದು ಪೆಡಲಿನ ಹಿಡಿಕೆ ಉಳಿಯುತ್ತದೆ. ಇನ್ನೊಂದು ಪೆಡಲ್ ಕಂಪನಿ ಕ್ರ್ಯಾಂಕ್ ಬ್ರದರ್ಸ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕ್ಲೀಟನ್ನು ಹಿತ್ತಾಳೆಯಲ್ಲಿ ಮಾಡಿದರು. ಅದು ಬೇಗ ತೇಯುತ್ತದೆ. ಇದನ್ನು ದೋಷವೆಂದು ಬೈಯುವವರಿದ್ದಾರೆ. ನನಗದು ಪೂರ್ತಿ ದೋಷವಾಗಿ ಕಾಣುವುದಿಲ್ಲ. ನೇಗಿಲಿಗೆ ಕುಳ ಇರುವುದೂ ಸವೆಯಲಿಕ್ಕೇ. ಕುಳ ಸವೆಯದಿದ್ದರೆ ನೇಗಿಲೇ ಸವೆಯಬೇಕಾಗುತ್ತದೆ, ಮರ ಹುಡುಕುವ ಕಷ್ಟ ಕುಳ ಬಡಿಸುವ ಕಷ್ಟಕ್ಕಿಂತ ದೊಡ್ಡದು. ಆದರೆ ಕುಲುಮೆ ಹತ್ತಿರ ಇರಬೇಕು. ಅವರ ಎಗ್‌ಬೀಟರ್ ಎಂಬ ಪೆಡಲ್ ನಾಲ್ಕು ಕಡೆಯಿಂದಲೂ ಬೂಟನ್ನು ಹಿಡಿಯುತ್ತದೆ, ಮೈಯೆಲ್ಲ ಬಯಲು, ಕೆಸರು ನಿಲ್ಲಲು ಜಾಗವೇ ಇಲ್ಲ. ನಮ್ಮ ರಾಡಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೂ ಹಿತ್ತಾಳೆಯ ಕ್ಲೀಟಿಗಾಗಿ ಮತ್ತೆ ಮತ್ತೆ ಪಾರ್ಸೆಲ್ ಕಾಯಬೇಕಾದ ಊರಿನಲ್ಲಿ ಅದನ್ನು ಮೊದಲನೆಯದಾಗಿ ಹೇಳಲು ನನಗೆ ಧೈರ್ಯ ಬರಲಿಲ್ಲ.

ದೂರ ಎಂಬುದೂ ಬಾಳಿಕೆಯ ಒಂದು ಭಾಗ. ಕಾಸರಗೋಡಿನಿಂದ ಮಂಗಳೂರಿಗೆ ಐವತ್ತು ಕಿಲೋಮೀಟರು, ನಮಗೆ ಆಸ್ಪತ್ರೆಯಿಂದ ಹಿಡಿದು ಬೇರಿಂಗಿನ ತನಕ ಎಲ್ಲದಕ್ಕೂ ಅದೇ ಪೇಟೆ. 2020ರ ಮಾರ್ಚಿನಲ್ಲಿ, ಕೊರೋನಾ ಹೊತ್ತಿಗೆ, ತಲಪಾಡಿ ಗಡಿಯಲ್ಲಿ ದಾರಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದಾಗ ಆ ಐವತ್ತು ಕಿಲೋಮೀಟರು ಎಷ್ಟು ಉದ್ದವಾಯಿತೆಂದು ಕಾಯಿಲೆಯವರಿದ್ದ ಮನೆಗಳು ಬಲ್ಲವು. ಅದರ ಮುಂದೆ ಸೈಕಲಿನ ಮಾತೆತ್ತುವುದೇ ಸಣ್ಣತನ. ಆದರೂ ಆ ದಿನಗಳಲ್ಲಿ ಸಾದಾ ಸೈಕಲುಗಳೆಲ್ಲ ಓಡಿದವು, ಗೇರಿನವು ಕೆಲವು ಒಂದೊಂದು ಸಣ್ಣ ಭಾಗ ಇಲ್ಲದೆ ಗೋಡೆಗೆ ಒರಗಿ ನಿಂತವು. ಸಾದಾ ಸೈಕಲಿನ ಬೇರಿಂಗಿನ ಗೋಲಿ, ಕೋನ್ ಬದಿಯಡ್ಕದಲ್ಲೂ ಸಿಗುತ್ತದೆ, ಮುಳ್ಳೇರಿಯದಲ್ಲೂ ಸಿಗುತ್ತದೆ. ಸಪ್ತಭಾಷೆಯ ಊರು ಎಂದು ನಾವು ಹೇಳಿಕೊಳ್ಳುತ್ತೇವಲ್ಲ, ಆ ಏಳರಲ್ಲೂ ಬೇರಿಂಗಿಗೆ ಬೇರಿಂಗ್ ಎಂದೇ ಹೆಸರು.

ಆದ್ದರಿಂದ ನಾನು ಪೆಡಲನ್ನು ನೋಡುವ ಬಗೆ ಬೇರೆ. ಒಳಗೆ ಗೋಲಿ, ಕೋನ್ ಇದ್ದು, ಲಾಕ್‌ನಟ್ ಸಡಿಲಿಸಿ ಬಿಗಿ ಸರಿಮಾಡಲು ಬರುತ್ತದೆಯೇ? ಅಥವಾ ಮುಚ್ಚಿದ ಕಾರ್ಟ್ರಿಜ್ ಬೇರಿಂಗೋ, ಬುಷ್ಷೋ? ಬುಷ್ ಸವೆದರೆ ಬದಲಿಸುವುದೊಂದೇ ದಾರಿ, ಕಿಟ್ ಸಿಗಬೇಕು. ಕಾರ್ಟ್ರಿಜ್ ಆದರೆ ಅದರ ನಂಬರು ಎಲ್ಲ ಕಡೆ ಸಿಗುವಂಥದ್ದಾಗಿರಬೇಕು. ಗೋಲಿ ಕೋನಿನದ್ದಾದರೆ 7 ಮತ್ತು 10 ಮಿಲಿಮೀಟರಿನ ಸ್ಪಾನರು, ಸೀಮೆಎಣ್ಣೆ, ಗ್ರೀಸು ಇದ್ದರಾಯಿತು. ಆಕ್ಸಲನ್ನು ಹೊರಗೆ ತರಲು ಕೆಲವು ಮಾಡೆಲಿಗೆ ಹಲ್ಲಿನ ಪ್ಲಾಸ್ಟಿಕ್ ಟೂಲ್ ಒಂದು ಬೇಕು, ಪೆಡಲಿನ ಜೊತೆಗೇ ಅದನ್ನೂ ಕೊಳ್ಳಬೇಕು. ಇಷ್ಟು ಇದ್ದರೆ ಮಳೆಗಾಲದ ಮೊದಲೊಮ್ಮೆ, ದಸರಾ ಕಳೆದು ಇನ್ನೊಮ್ಮೆ ಬಿಚ್ಚಿ ತೊಳೆದು ಗ್ರೀಸ್ ತುಂಬಿದ ಸಾದಾ ಪೆಡಲ್, ಬಿಚ್ಚದೆ ಇಟ್ಟ ದುಬಾರಿಯದನ್ನು ಹಿಂದೆ ಹಾಕೀತು.

“ಅಷ್ಟೆಲ್ಲ ಪುರುಸೊತ್ತು ಯಾರಿಗುಂಟು ಮಾವ?” ಎಂದ. ನ್ಯಾಯವಾದ ಮಾತು. ಮುಚ್ಚಿಟ್ಟ ಬೇರಿಂಗ್ ಹುಟ್ಟಿದ್ದೇ ಪುರುಸೊತ್ತು ಇಲ್ಲದವರಿಗಾಗಿ. ಒಣ ರಸ್ತೆಯಲ್ಲಿ ವಾರಕ್ಕೊಮ್ಮೆ ಓಡಿಸುವವನಿಗೆ ಅದೇ ಸರಿ, ಅವನ ಸಮಯಕ್ಕೂ ಬೆಲೆ ಇದೆ. ಆದರೆ ಅಂಥವನು ಕೊಳ್ಳುವುದು ಯಾರದೋ ದುಡಿಮೆಯನ್ನು ಮುಂಗಡವಾಗಿ. ಅದು ಮುಗಿದ ದಿನ ಕಸಕ್ಕೆ ಎಸೆಯಬೇಕು. ಅದನ್ನು ಜನ್ಮಕ್ಕೆ ಬರುವಂಥದ್ದು ಎಂದು ಕರೆಯುವುದಕ್ಕೆ ಮಾತ್ರ ನನ್ನ ತಕರಾರು. ಬಿಚ್ಚಲು ಬಾರದ ವಸ್ತುವಿಗೆ ಆಯುಷ್ಯ ಇರುತ್ತದೆ, ಬಾಳಿಕೆ ಇರುವುದಿಲ್ಲ.

ಹಿಡಿದುಕೊಳ್ಳುವುದರಲ್ಲಿ ಎಷ್ಟು ಬಾಳಿಕೆಯೋ ಬಿಡುವುದರಲ್ಲೂ ಅಷ್ಟೇ ಬೇಕು. ಹಿಮ್ಮಡಿ ಹೊರಗೆ ತಿರುಗಿಸಿದರೆ ಕಾಲು ಬರಬೇಕು. ಶಿಮಾನೊದ ಎಸ್‌ಎಚ್51 ಕ್ಲೀಟ್ ಪಕ್ಕಕ್ಕೆ ತಿರುಚಿದರೆ ಮಾತ್ರ ಬಿಡುತ್ತದೆ. ಎಸ್‌ಎಚ್56 ಗಾಬರಿಯಲ್ಲಿ ಹೇಗೆಳೆದರೂ ಬಹುಮಟ್ಟಿಗೆ ಬಿಡುತ್ತದೆ. ಸ್ಪ್ರಿಂಗಿನ ಬಿಗಿ ಇಳಿಸಲು 3 ಮಿಲಿಮೀಟರಿನ ಆಲನ್ ಕೀ ಸಾಕು. ಹುಡುಗ ಕ್ಲೀಟನ್ನೂ ಬದಲಿಸಿರಲಿಲ್ಲ, ಬಿಗಿಯನ್ನೂ ಇಳಿಸಿರಲಿಲ್ಲ, ಬಿಗಿ ಇದ್ದಷ್ಟು ಒಳ್ಳೆಯದೆಂದು ತುದಿಯ ತನಕ ತಿರುಗಿಸಿದ್ದ. ಕ್ಲೀಟಿನ ಸ್ಕ್ರೂಗಳಿಗೆ ಗ್ರೀಸ್ ಹಾಕದೆ ಅವು ತುಕ್ಕು ಹಿಡಿದು ಕೂತಿದ್ದವು. ಕ್ಲೀಟಿನ ಕುಳಿಯಲ್ಲಿ ಗರಸಿನ ಹರಳೊಂದು ಸಿಕ್ಕಿಕೊಂಡದ್ದೇ ಕಾಲು ಬಿಡದಿರಲು ಕಾರಣವೆಂದು ಆಮೇಲೆ ಗೊತ್ತಾಯಿತು.

ಈ ಬಂಧನ ಬೇಕೇ ಎಂದು ಕೇಳುವುದೂ ಉಚಿತವೇ. ಕಾಲು ಮೇಲೆತ್ತುವಾಗಲೂ ಪೆಡಲನ್ನು ಎಳೆದು ಶಕ್ತಿ ಗಳಿಸಬಹುದೆಂದು ಹೇಳಿ ಇದನ್ನು ಮಾರುತ್ತಾರೆ. ಹಾಗೆ ಎಳೆಯುವುದರಿಂದ ದಣಿವೇ ಹೆಚ್ಚು ಎಂದು ಪ್ರಯೋಗಾಲಯಗಳಲ್ಲಿ ಕಂಡಿದ್ದಾರೆ. ನಿಜವಾದ ಲಾಭ ಬೇರೆ: ಕಲ್ಲುದಾರಿಯ ಇಳಿಜಾರಿನಲ್ಲಿ ಸೈಕಲ್ ಕುಣಿದಾಗ ಪಾದ ಕದಲದೆ ಇರುತ್ತದೆ. ಅಡಿಕೆ ಮರ ಹತ್ತುವವರ ತಳೆಯನ್ನು ನೋಡಿ. ಹಗ್ಗದ ಆ ಬಳೆ ಕಾಲನ್ನು ಮರಕ್ಕೆ ಕಟ್ಟುವುದಿಲ್ಲ, ಒಂದು ಕಾಲನ್ನು ಇನ್ನೊಂದಕ್ಕೆ ಜೊತೆ ಮಾಡುತ್ತದೆ, ಅಷ್ಟೇ. ಮರವನ್ನು ಹಿಡಿಯುವುದೂ ಬಿಡುವುದೂ ಹತ್ತುವವನ ಕೈಯಲ್ಲೇ. ತಳೆ ನೂಲೆದ್ದರೆ ಅವನು ಅದರ ಬಾಳಿಕೆಯ ಚರ್ಚೆಗೆ ಕೂರುವುದಿಲ್ಲ, ಬೇರೆ ಮಾಡಿಕೊಳ್ಳುತ್ತಾನೆ. ಆಟಿಯಲ್ಲಿ ಹಾವಸೆ ಹಿಡಿದ ಕಲ್ಲಿನ ಮೇಲೆ, ಅಡಿಕೆ ಮರದ ಸಂಕದ ಮೇಲೆ ಸೈಕಲ್ ಬಿಡುವ ಹುಚ್ಚಿದ್ದವನಿಗೆ ನಾನು ಹೇಳುವುದು ಪಿನ್ನುಗಳಿರುವ ಚಪ್ಪಟೆ ಪೆಡಲನ್ನೇ. ಕ್ಲಿಪ್‌ಲೆಸ್ಸನ್ನು ತುಲಾಮಾಸದ ಮಳೆ ನಿಂತ ಮೇಲೆ ಹಾಕಲಿ. ಹೇಗೂ ವರ್ಷಕ್ಕೆರಡು ಸಲ ಬಿಚ್ಚಬೇಕಲ್ಲ, ಆಗಲೇ ಬದಲಿಸಬಹುದು.

ಬಿಚ್ಚುವಾಗ ಎಡಗಡೆಯದು ಉಲ್ಟಾ ತ್ರೆಡ್ ಎಂದು ನೆನಪಿರಬೇಕು. 1900ರ ಸುಮಾರಿಗೆ ತಮ್ಮ ಡೇಟನ್ ಅಂಗಡಿಯ ಸೈಕಲುಗಳಿಗೆ ಹೀಗೆ ಮಾಡಿದವರಲ್ಲಿ ಮುಂದೆ ವಿಮಾನ ಹಾರಿಸಿದ ರೈಟ್ ಸೋದರರೂ ಇದ್ದರು. ತುಳಿಯುವ ಭಾರಕ್ಕೆ ಆಕ್ಸಲ್ ತ್ರೆಡ್ಡಿನೊಳಗೆ ಕಣ್ಣಿಗೆ ಕಾಣದಷ್ಟು ಹೊರಳುತ್ತದೆ. ಎರಡೂ ಬದಿ ಒಂದೇ ತ್ರೆಡ್ ಇದ್ದರೆ ಎಡಗಡೆಯದು ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಸ್ಪಾನರನ್ನು ಮೇಲ್ಮುಖವಾಗಿ ಸಿಕ್ಕಿಸಿ ಹಿಂದಿನ ಚಕ್ರದ ಕಡೆಗೆ ತಿರುಗಿಸಿದರೆ ಎರಡೂ ಬಿಡುತ್ತವೆ. ಹುಡುಗ ಎಡಗಡೆಯದನ್ನು ಅರ್ಧ ಗಂಟೆ ಬಿಗಿ ಮಾಡಿದ ಮೇಲೆ ಇದನ್ನು ಹೇಳಿದೆ.

ಸಂಜೆ ಅದೇ ಪೆಡಲನ್ನು ಜಗಲಿಯಲ್ಲಿ ಹಳೆಯ ಪಂಚೆ ಹಾಸಿ ಬಿಚ್ಚಿದೆವು. ಒಳಗೆ ಗ್ರೀಸ್ ಇರಲಿಲ್ಲ, ಪದವಿನ ಮಣ್ಣೇ ಇತ್ತು. ಕೋನಿಗೆ ಸ್ವಲ್ಪ ಗೀರು ಬಿದ್ದಿತ್ತು, ಪೂರ್ತಿ ಹಾಳಾಗಿರಲಿಲ್ಲ. ಕೊತ್ತಂಬರಿ ಕಾಳಿಗಿಂತ ಸಣ್ಣ ಗೋಲಿಗಳನ್ನು ಸೀಮೆಎಣ್ಣೆಯ ಬಟ್ಟಲಿಗೆ ಹಾಕಿ ಎಣಿಸಿದರೆ ಒಂದು ಬದಿಗೆ ಒಂದು ಕಮ್ಮಿ. ಟಾರ್ಚ್ ಹಿಡಿದು ಕಂಬದ ಬುಡ, ಮೆಟ್ಟಿಲ ಸಂದಿ ಎಲ್ಲ ಹುಡುಕಿದೆವು. ಕೊನೆಗೆ ಅಕ್ಕ ಒಳಗಿನಿಂದ ಹಾಳಾದ ರೇಡಿಯೋದ ಸ್ಪೀಕರ್ ತಂದು ಅದರ ಅಯಸ್ಕಾಂತವನ್ನು ಪಂಚೆಯ ಮಡಿಕೆಯ ಮೇಲೆ ಒಮ್ಮೆ ಆಡಿಸಿದಳು. ಟಿಕ್ ಎಂದಿತು.